ಮೌಲ್ಯಬಹುತ್ವ ಮತ್ತು ಉದಾರವಾದ: ಬಾಗಲಕೋಟೆ ಪರಿಸರದ ನೆಲೆಯಲ್ಲಿ ಒಂದು ವಿವೇಚನೆ

ಮೌಲ್ಯಬಹುತ್ವ ಎಂಬ ಪದವು ಕನ್ನಡದ ಸಾಂಸ್ಕೃತಿಕ ಚರ್ಚೆಗಳಲ್ಲಿ ಅನೇಕ ವೇಳೆ ಮತಸಾಮರಸ್ಯದ ಪರ್ಯಾಯವಾಗಿ ಬಳಕೆಯಾಗುತ್ತದೆ. ಇದಕ್ಕೆ ಬಾದಾಮಿ ಸಿದ್ಧ ನಿದರ್ಶನ. ಅಲ್ಲಿ ಶೈವ, ವೈಷ್ಣವ, ಜೈನ ಗುಹೆಗಳು ಒಂದೇ ಬೆಟ್ಟದ ಸಾಲಿನಲ್ಲಿವೆ. ಮೂರನೆಯ ಗುಹೆಯ ಮಂಗಲೇಶನ ಶಾಸನದ ಕಾಲ ಕ್ರಿ.ಶ. 578. ಹುನಗುಂದ ಪರಿಸರದ ಐಹೊಳೆಯಲ್ಲಿ ಇಮ್ಮಡಿ ಪುಲಕೇಶಿಯನ್ನು ಕೀರ್ತಿಸುವ ರವಿಕೀರ್ತಿಯ 634ರ ಶಾಸನವಿರುವುದು ಜಿನಾಲಯದ ಗೋಡೆಯ ಮೇಲೆ. ಅದೇ ಬೆಟ್ಟದ ಇಳಿಜಾರಿನಲ್ಲಿ ಬೌದ್ಧ ದೇಗುಲವೂ ಇದೆ. ಆದರೆ ಒಂದು ಗುಹೆಯನ್ನು ಕೊರೆಯಲು ಮತ್ತೊಂದನ್ನು ಕೆಡವಬೇಕಾಗಿರಲಿಲ್ಲ. ಸಹಬಾಳ್ವೆಯ ಈ ಮಾದರಿಯನ್ನೇ ಮೌಲ್ಯಬಹುತ್ವವೆಂದು ಗ್ರಹಿಸಿದರೆ ಆ ಪರಿಕಲ್ಪನೆಯ ಮುಖ್ಯ ತೊಡಕು ಮರೆಯಾಗುತ್ತದೆ.

ಐಸೈಯಾ ಬರ್ಲಿನ್ 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಎತ್ತಿದ ಪ್ರಶ್ನೆ ಬೇರೆಯದು. ನಿಜವಾದ ಮೌಲ್ಯಗಳೇ ಪರಸ್ಪರ ಎದುರಾಗುತ್ತವೆ. ಅವೆಲ್ಲವನ್ನೂ ತೂಗಬಲ್ಲ ಒಂದೇ ತಕ್ಕಡಿಯಿಲ್ಲ. ಆದ್ದರಿಂದ ಆಯ್ಕೆ ಯೋಗ್ಯವಾಗಿದ್ದಾಗಲೂ ನಷ್ಟ ನಷ್ಟವಾಗಿಯೇ ಉಳಿಯುತ್ತದೆ.

ಈ ಅರ್ಥದ ಬಹುತ್ವಕ್ಕೆ ನಿದರ್ಶನ ಬಾದಾಮಿಯಲ್ಲ, ಬಾಗಲಕೋಟೆ. ಆಲಮಟ್ಟಿ ಜಲಾಶಯವು ಬರಪೀಡಿತ ಭೂಮಿಗೆ ನೀರೊದಗಿಸುವ ಆಶಯದ್ದು. ಅದರ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದವು. ಸಂತ್ರಸ್ತರಿಗಾಗಿ ನವನಗರ ನಿರ್ಮಾಣವಾಯಿತು. ರೈತನ ನೀರಿನ ಹಕ್ಕು, ಓಣಿಯ ನೆರೆಹೊರೆ ಇವೆರಡೂ ಮೌಲ್ಯಗಳೇ. ಮನೆಗೆ ಪರಿಹಾರ ನಿಗದಿಯಾಗಬಹುದು, ನೆರೆಹೊರೆಗೆ ಆಗದು. ಗಮನಾರ್ಹ ಸಂಗತಿಯೆಂದರೆ, ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸಿದಾಗ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತುಗೋಡೆ ಕಟ್ಟಿ ಇದ್ದಲ್ಲಿಯೇ ಉಳಿಸಿಕೊಳ್ಳಲಾಯಿತು. ಕೆಲವನ್ನು ಬೆಲೆಗೆ ಒಪ್ಪಿಸಲಾಗದು ಎಂಬುದನ್ನು ಪ್ರಭುತ್ವವೂ ಬಲ್ಲದು. ಹಾಗಾದರೆ ಯಾವುದು ಅಂಥದ್ದೆಂದು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಇಳಕಲ್ಲಿನ ಸಂದರ್ಭ ಮತ್ತೊಂದು ಬಗೆಯದು. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಕೂಡಿಸುವ ತೋಪುತೆನೆ ಅಲ್ಲಿನ ನೇಕಾರಿಕೆಯ ವಿಶಿಷ್ಟ ಕೌಶಲ. ಕೆಲವು ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕೇಂದ್ರ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಎತ್ತಿಹಿಡಿಯಿತು. ಇಲ್ಲಿ ವಿದ್ಯುತ್‌ಮಗ್ಗದವರ ಉದ್ಯೋಗ ಸ್ವಾತಂತ್ರ್ಯ, ಕೊಳ್ಳುವವರಿಗೆ ಅಗ್ಗದ ಬಟ್ಟೆ, ಕೈಮಗ್ಗದವರ ಬದುಕು ಮತ್ತು ಕುಶಲತೆ ಪರಸ್ಪರ ಎದುರಾಗುತ್ತವೆ. ಸ್ವಾತಂತ್ರ್ಯವೊಂದೇ ಸದಾ ಮೇಲು ಎನ್ನುವ ಉದಾರವಾದ ಈ ಕಾಯಿದೆಯನ್ನು ಸಮರ್ಥಿಸಲಾರದು.

ಮೌಲ್ಯಗಳು ಹಲವಾದರೆ ಉದಾರವಾದಕ್ಕೂ ವಿಶೇಷ ಸ್ಥಾನವಿಲ್ಲ, ಭಿನ್ನ ಜೀವನಕ್ರಮಗಳ ನಡುವಿನ ಹೊಂದಾಣಿಕೆಯೇ ರಾಜಕಾರಣದ ಗುರಿ ಎಂಬುದು ಜಾನ್ ಗ್ರೇ ಅವರ ನಿಲುವು. ಬಹುತ್ವದ ನಡುವೆ ವಿವೇಚಿಸಿ ಆಯ್ದುಕೊಳ್ಳಲು ಸ್ವಾಯತ್ತ ವ್ಯಕ್ತಿ ಬೇಕಾದ್ದರಿಂದ ಬಹುತ್ವವು ಉದಾರವಾದವನ್ನೇ ಬಲಪಡಿಸುತ್ತದೆ ಎಂದು ಜಾರ್ಜ್ ಕ್ರೌಡರ್ ವಾದಿಸುತ್ತಾರೆ. ಬಾಗಲಕೋಟೆಯ ಎದುರಿಗೆ ಇವೆರಡೂ ಸಾಲವು. ಅಣೆಕಟ್ಟಿನ ವಿಷಯದಲ್ಲಿ ಆಯ್ದದ್ದು ಪ್ರಭುತ್ವವೇ ಹೊರತು ಮನೆ ಬಿಟ್ಟ ವ್ಯಕ್ತಿಯಲ್ಲ. ಇನ್ನು ಹೊಂದಾಣಿಕೆಯಲ್ಲಿ ಬಲವುಳ್ಳವರ ಮಾತೇ ಗೆಲ್ಲುವ ಸಂಭವ ಹೆಚ್ಚು.

ಆದುದರಿಂದ ಮೌಲ್ಯಬಹುತ್ವವು ಯಾವ ಮೌಲ್ಯ ಗೆಲ್ಲಬೇಕೆಂದು ಹೇಳದಿದ್ದರೂ, ಆಯ್ಕೆ ಮಾಡುವ ಪ್ರಭುತ್ವಕ್ಕೆ ಹೊಣೆಯನ್ನು ಹೊರಿಸುತ್ತದೆ. ಕಳೆದುಕೊಳ್ಳುವವರ ಮಾತನ್ನು ನಿರ್ಧಾರಕ್ಕೆ ಮೊದಲೇ ಕೇಳಬೇಕು. ನಷ್ಟವನ್ನು ಅಭಿವೃದ್ಧಿಯೆಂಬ ಹೆಸರಿನಲ್ಲಿ ಮರೆಸಬಾರದು. ಪರಿಹಾರಧನದೊಂದಿಗೆ ಋಣ ತೀರಿತೆಂದು ಭಾವಿಸಬಾರದು. ಸ್ವಾತಂತ್ರ್ಯದ ಜೊತೆಗೆ ಈ ಋಣಪ್ರಜ್ಞೆಯನ್ನೂ ಒಳಗೊಂಡಾಗ ಮಾತ್ರ ಉದಾರವಾದವು ಬಹುತ್ವಕ್ಕೆ ನಿಷ್ಠವಾಗಬಲ್ಲದು.