ಹುಳವೂ ಚಿಟ್ಟೆಯೂ ಒಂದೇ ಜೀವವೋ?



ಈ ಪಾಠದಲ್ಲಿ ನಾವು ವಿಚಾರಿಸತಕ್ಕ ಪ್ರಶ್ನೆ ಇದು: ಒಂದು ಜೀವಿಯ ಶರೀರವು ಪೂರ್ಣವಾಗಿ ಮಾರ್ಪಟ್ಟ ಮೇಲೆ ಅದು ಮೊದಲಿನ ಜೀವಿಯೇ ಆಗಿರುವದೋ, ಇಲ್ಲವೆ ಬೇರೊಂದಾಗಿ ಹೋಗುವದೋ? ಇದು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಯಾರೂ ಎಣಿಸಬಾರದು. ಸಾಲ ತಕ್ಕೊಂಡವನಿಗೂ, ಮದುವೆಯಲ್ಲಿ ಮಾತು ಕೊಟ್ಟವರಿಗೂ, ಮುಪ್ಪಿನ ತಾಯಿಯನ್ನು ಸಾಕುವ ಮಕ್ಕಳಿಗೂ ಇದು ಒಂದು ದಿನ ಎದುರಾಗುವದು. ಆದದರಿಂದ ಕಣ್ಣಿಗೆ ಕಾಣುವದರಿಂದ ತೊಡಗಿ ಸ್ವಲ್ಪ ಸ್ವಲ್ಪವಾಗಿ ಮುಂದರಿಯೋಣ.

೧. ಹಿತ್ತಲಿನಲ್ಲಿ ನಡೆಯುವ ಮಾರ್ಪಾಟು

ವೇಣೂರಿನ ಸುತ್ತಲಿನ ಊರುಗಳಲ್ಲಿ ಲಿಂಬೆಯಾಗಲಿ ಕರಿಬೇವಾಗಲಿ ಇಲ್ಲದ ಹಿತ್ತಲು ಅಪರೂಪ. ಆ ಗಿಡಗಳ ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳಗಳನ್ನು ನೀವು ಕಂಡಿರಬಹುದು. ಹಕ್ಕಿಗಳ ಕಣ್ಣು ತಪ್ಪಿಸುವದಕ್ಕೆ ಅದೇ ಅವುಗಳ ವೇಷ. ಬೆಳೆದ ಮೇಲೆ ಹುಳವು ಎಲೆಯಂತೆ ಹಸುರಾಗುವದು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಳ್ಳ ಕೊಂಬಿನಂಥದನ್ನು ಹೊರಗೆ ಚಾಚಿ ಕಟುವಾದ ವಾಸನೆ ಬಿಡುವದು. ಅದು ನಾಲ್ಕು ಸಾರಿ ಪೊರೆ ಕಳಚಿ ಬೆಳೆದು, ಐದನೆಯ ಸಾರಿ ಕಳಚುವಾಗ ಕೋಶವಾಗಿ, ನೂಲಿನ ನಡುಕಟ್ಟಿನಿಂದ ಕಡ್ಡಿಗೆ ಅಂಟಿಕೊಂಡು ನಿಲ್ಲುವದು. ಕೆಲವು ದಿನಗಳಾದ ಮೇಲೆ ಕೋಶವು ಬಿರಿದು ಚಿಟ್ಟೆಯು ಹೊರಗೆ ಬರುವದು.

ಎರಡನ್ನೂ ಹೋಲಿಸಿ ನೋಡಿರಿ. ಹುಳಕ್ಕೆ ಎಲೆ ಕಡಿಯುವ ದವಡೆಗಳು. ಚಿಟ್ಟೆಗೆ ಮಧು ಹೀರುವ ಸುರುಳಿ ಕೊಳವೆ. ಹುಳಕ್ಕೆ ತಲೆಯ ಒಂದೊಂದು ಪಕ್ಕದಲ್ಲಿ ಆರಾರು ಚುಕ್ಕೆಗಣ್ಣುಗಳು. ಚಿಟ್ಟೆಗೆ ಸಾವಿರಾರು ಮುಖಗಳುಳ್ಳ ಎರಡು ದೊಡ್ಡ ಕಣ್ಣುಗಳು. ಒಂದು ತೆವಳುವದು, ಇನ್ನೊಂದು ಹಾರುವದು. ಈ ಮಾರ್ಪಾಟನ್ನೇ ರೂಪಾಂತರವೆನ್ನುತ್ತಾರೆ.

ಇದನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ನೋಡಬಯಸುವವರು ಈಶ್ವರಿ ಬಳ್ಳಿಯನ್ನು ಹುಡುಕಲಿ. ಕರ್ನಾಟಕದ ರಾಜ್ಯಚಿಟ್ಟೆಯಾದ, ಕಪ್ಪು ಹಳದಿ ಬಣ್ಣದ ದೊಡ್ಡ ಚಿಟ್ಟೆಯ ಹುಳಗಳು ಅದರ ಎಲೆಗಳನ್ನೇ ತಿನ್ನುವವು. ಮೂಡಬಿದಿರೆಯ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಇಂಥ ಗಿಡಬಳ್ಳಿಗಳನ್ನು ಬೆಳೆಸಿ ಮಾಡಿದ ಚಿಟ್ಟೆಗಳ ಉದ್ಯಾನವು ೨೦೧೩ರಲ್ಲಿ ಜನರಿಗೆ ತೆರೆಯಲ್ಪಟ್ಟಿತು.

೨. ಕೋಶದ ಒಳಗೆ

ಕೋಶದೊಳಗೆ ಹುಳವು ಸತ್ತು ಕರಗಿ ಗಂಜಿಯಾಗುವದೆಂದೂ, ಆ ಗಂಜಿಯಿಂದ ಬೇರೊಂದು ಪ್ರಾಣಿ ಹುಟ್ಟುವದೆಂದೂ ಹಲವರು ಹೇಳುವದುಂಟು. ಇದರಲ್ಲಿ ಅರ್ಧ ಮಾತ್ರ ನಿಜ. ಹುಳದ ಅನೇಕ ಸ್ನಾಯುಗಳೂ ಕರುಳಿನ ಪದರವೂ ನಿಶ್ಚಯವಾಗಿ ಕರಗುವವು. ಆದರೆ ರೆಕ್ಕೆ ಮೊದಲಾದವುಗಳ ಮೊಳಕೆಗಳು ಹುಳವಾಗಿರುವಾಗಲೇ ಅದರ ಚರ್ಮದ ಕೆಳಗೆ ಸಿದ್ಧವಾಗಿರುವವು. ಹಾಲೆಂಡ್ ದೇಶದ ಸ್ವಾಮರ್‌ಡಾಮ್ ಎಂಬ ವೈದ್ಯನು ೧೭ನೆಯ ಶತಮಾನದಲ್ಲಿಯೇ ಹುಳವನ್ನು ಕೊಯ್ದು ಆ ರೆಕ್ಕೆಗಳನ್ನು ತೋರಿಸಿದನು. ೨೦೧೩ರಲ್ಲಿ ವಿಜ್ಞಾನಿಗಳು ಜೀವಂತ ಕೋಶವನ್ನು ಒಡೆಯದೆ ಕ್ಷಕಿರಣದಿಂದ ದಿನದಿನವೂ ಚಿತ್ರ ತೆಗೆದು ನೋಡಿದಾಗ, ಉಸಿರಿನ ಕೊಳವೆಗಳು ಮೊದಲಿನಿಂದಲೇ ಅಲ್ಲಿ ಕಾಣಿಸಿದವು. ನರಗಳ ಸರಪಣಿಯು ಹೊಸ ಕೆಲಸಕ್ಕೆ ತಕ್ಕ ಹಾಗೆ ತಿದ್ದಲ್ಪಡುವದೇ ಹೊರತು ಪೂರಾ ಅಳಿಯುವದಿಲ್ಲ. ಸಂಗತಿ ಹೀಗಿರುವಾಗ ಕೋಶವನ್ನು ಸಮಾಧಿ ಎನ್ನುವದು ತಪ್ಪು. ಅದರಲ್ಲಿರುವದು ಸತ್ತದ್ದಲ್ಲ, ನಿಜವಾಗಿ ಸತ್ತಿದ್ದರೆ ಅದರಿಂದ ಚಿಟ್ಟೆಯು ಎಂದಿಗೂ ಬಾರದು.

ಇದಕ್ಕಿಂತಲೂ ಆಶ್ಚರ್ಯವಾದದ್ದು ೨೦೦೮ರಲ್ಲಿ ಪ್ರಕಟವಾಯಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಹೊಗೆಸೊಪ್ಪಿನ ಹುಳಗಳಿಗೆ ಒಂದು ವಾಸನೆಯನ್ನು ಒಡ್ಡಿ, ಆಗಲೇ ಅಲ್ಪ ವಿದ್ಯುತ್ತಿನ ಆಘಾತವನ್ನು ಕೊಟ್ಟರು. ಹುಳಗಳು ಆ ವಾಸನೆಗೆ ಹೆದರುವದನ್ನು ಕಲಿತವು. ಅವು ಪತಂಗಗಳಾದ ಮೇಲೆ ಪರೀಕ್ಷಿಸಿದಾಗ, ಕೊನೆಯ ಹಂತದಲ್ಲಿ ಕಲಿತವುಗಳಲ್ಲಿ ಬಹುಪಾಲು ಆ ವಾಸನೆಯಿಂದ ದೂರ ಸರಿದವು. ಎಳೆಯ ಹಂತದಲ್ಲಿ ಕಲಿತವುಗಳಲ್ಲಿಯಾದರೋ ಆ ನೆನಪು ಉಳಿಯಲಿಲ್ಲ.

೩. ಮೂರು ಅಳತೆಗೋಲುಗಳು

‘ಅದೇ’ ಎಂದು ಹೇಳುವದಕ್ಕೆ ಯಾವ ಅಳತೆಗೋಲು? ಜ್ಞಾನಿಗಳು ಮುಖ್ಯವಾಗಿ ಮೂರನ್ನು ಎತ್ತಿದ್ದಾರೆ.

ಒಂದನೆಯದು ದ್ರವ್ಯ. ವೇಣೂರಿನ ಬಾಹುಬಲಿಯ ವಿಗ್ರಹವನ್ನು ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ನಿಲ್ಲಿಸಿದನು. ಸುಮಾರು ೩೫ ಅಡಿಯ ಆ ಕಲ್ಲು ಅಂದಿನ ಕಲ್ಲೇ ಆಗಿರುವದರಿಂದ ಅದನ್ನು ಅದೇ ವಿಗ್ರಹವೆನ್ನುವೆವು. ಆದರೆ ಅದೇ ಊರಿನ ಬದಿಯಲ್ಲಿ ಹರಿಯುವ ಫಲ್ಗುಣಿಯನ್ನು ನೋಡಿರಿ. ನಿನ್ನೆಯ ನೀರು ಇಂದು ಅಲ್ಲಿಲ್ಲ; ಆದಾಗ್ಯೂ ಹೊಳೆಯು ಅದೇ. ಜೀವವುಳ್ಳವುಗಳು ಕಲ್ಲಿಗಿಂತ ಹೊಳೆಗೆ ಹೆಚ್ಚು ಸಮಾನ. ನಾವು ಉಂಡ ಅನ್ನವೇ ನಮ್ಮ ಮಾಂಸವಾಗುತ್ತದೆ, ಹಳೆಯದು ಸವೆದುಹೋಗುತ್ತದೆ. ಆದದರಿಂದ ಈ ಅಳತೆಗೋಲು ಕಲ್ಲಿಗೆ ಸಾಕು, ಜೀವಕ್ಕೆ ಸಾಲದು.

ಎರಡನೆಯದು ನೆನಪು. ಇಂಗ್ಲೆಂಡಿನ ಜಾನ್ ಲಾಕನು ೧೬೯೪ರಲ್ಲಿ, ತಾನು ಮಾಡಿದ್ದನ್ನು ತನ್ನದೆಂದು ಅರಿಯುವಷ್ಟರ ಮಟ್ಟಿಗೆ ಮನುಷ್ಯನು ಅದೇ ವ್ಯಕ್ತಿಯೆಂದು ವಾದಿಸಿದನು. ೧೭೮೫ರಲ್ಲಿ ಥಾಮಸ್ ರೀಡ್ ಎಂಬ ಸಭಾಪಾಲಕನು ಇದಕ್ಕೆ ಒಂದು ತೊಡಕನ್ನು ತೋರಿಸಿದನು. ಒಬ್ಬ ಹುಡುಗನು ಕಳವಿಗಾಗಿ ಪೆಟ್ಟು ತಿಂದನು. ಅವನು ಬೆಳೆದು ಸೇನೆಯ ಅಧಿಕಾರಿಯಾದಾಗ ಆ ಪೆಟ್ಟು ನೆನಪಿತ್ತು. ಮುದುಕನಾಗಿ ಸೇನಾಪತಿಯಾದಾಗ, ಅಧಿಕಾರಿಯಾಗಿದ್ದಾಗಿನ ಕೆಲಸವು ನೆನಪಿತ್ತು, ಪೆಟ್ಟು ಮರೆತುಹೋಗಿತ್ತು. ಹುಡುಗನೂ ಅಧಿಕಾರಿಯೂ ಒಬ್ಬನೇ, ಅಧಿಕಾರಿಯೂ ಸೇನಾಪತಿಯೂ ಒಬ್ಬನೇ ಆದರೆ, ಹುಡುಗನೂ ಸೇನಾಪತಿಯೂ ಬೇರೆಬೇರೆಯಾಗುವದು ಹೇಗೆ? ಎಳೆಯ ಹುಳದ ಪಾಠವನ್ನು ಮರೆತ ಪತಂಗವೂ ಇದೇ ಸಾಕ್ಷಿಯನ್ನು ಕೊಡುತ್ತದೆ. ಅದು ಮರೆಯಿತು, ಆದರೆ ಬೇರೊಂದು ಪತಂಗವಾಗಲಿಲ್ಲ.

ಮೂರನೆಯದು ತುಂಡಾಗದ ಜೀವದ ಎಳೆ. ಮೊಟ್ಟೆಯಿಂದ ಹುಳ, ಹುಳದಿಂದ ಕೋಶ, ಕೋಶದಿಂದ ಚಿಟ್ಟೆ. ಈ ದಾರಿಯಲ್ಲಿ ಎಲ್ಲಿಯೂ ಜೀವವು ಕಡಿದುಹೋಗಲಿಲ್ಲ. ರೂಪವು ಹೋಯಿತು, ದ್ರವ್ಯದ ಬಹುಭಾಗವು ಮಾರ್ಪಟ್ಟಿತು, ನೆನಪು ಸ್ವಲ್ಪ ಉಳಿಯಿತು, ಸ್ವಲ್ಪ ಅಳಿಯಿತು. ಆದರೆ ಎಳೆಯು ಒಂದೇ. ಜೀವಿಗಳ ವಿಷಯದಲ್ಲಿ ಈ ಅಳತೆಗೋಲೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

೪. ಇದರಿಂದ ನಮಗೇನು?

ಮೊದಲನೆಯದಾಗಿ, ರೋಗದಿಂದ ಮುಖವೂ ಕೈಕಾಲುಗಳೂ ಮಾರ್ಪಟ್ಟವರನ್ನು ಕುರಿತು. ಕುಷ್ಠವು ಒಂದು ಸೂಕ್ಷ್ಮಜೀವಿಯಿಂದ ಬರುವ ರೋಗ. ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದಂದಿನಿಂದ ಅದು ಪೂರ್ಣವಾಗಿ ಗುಣವಾಗುತ್ತಲಿದೆ. ರೋಗವು ಹೋದರೂ ತಡವಾಗಿ ಮದ್ದು ಕಂಡವರ ಬೆರಳು ಮೂಗುಗಳ ಊನವು ಉಳಿಯುವದುಂಟು. ಅಂಥವರನ್ನು ಮನೆಯವರೇ ಗುರುತಿಲ್ಲದವರಂತೆ ಹೊರಗಿಟ್ಟದ್ದನ್ನು ಹಳ್ಳಿಗಳು ಬಲ್ಲವು. ಕ್ರೈಸ್ತರಿಗೆ ಸಂಬಂಧಪಟ್ಟ ೧೮೬೯ರ ವಿಚ್ಛೇದನದ ಕಾನೂನಿನಲ್ಲಿಯೂ ಕುಷ್ಠವು ಮದುವೆಯನ್ನು ಮುರಿಯತಕ್ಕ ಒಂದು ಕಾರಣವಾಗಿತ್ತು. ೨೦೧೯ರ ತಿದ್ದುಪಡಿಯು ಅದನ್ನು ತೆಗೆದುಹಾಕಿತು. ಕಾನೂನು ತಿದ್ದಲ್ಪಟ್ಟಿತು, ಮನಸ್ಸು ತಿದ್ದಲ್ಪಟ್ಟಿತೋ? ನೀವು ಮಾತು ಕೊಟ್ಟದ್ದು ಮೂಗಿಗಲ್ಲ, ಬೆರಳಿಗಲ್ಲ.

ಎರಡನೆಯದಾಗಿ, ಮರೆವಿನ ರೋಗ ಹಿಡಿದ ವೃದ್ಧರನ್ನು ಕುರಿತು. ‘ಅಮ್ಮನಿಗೆ ನಮ್ಮ ಗುರುತೇ ಇಲ್ಲ, ಈಕೆ ನಮ್ಮ ಅಮ್ಮನೇ ಅಲ್ಲ’ ಎಂದು ಬೇಸತ್ತ ಮಕ್ಕಳು ನುಡಿಯುವದುಂಟು. ನೆನಪೊಂದೇ ಅಳತೆಗೋಲಾಗಿದ್ದರೆ ಆ ಮಾತು ಸಲ್ಲುತ್ತಿತ್ತು. ಆದರೆ ನಿಮ್ಮನ್ನು ಹೆತ್ತ ಜೀವದ ಎಳೆಯು ಆ ಮಂಚದ ಮೇಲೆ ಇನ್ನೂ ಕಡಿಯದೆ ಇದೆ. ಆಕೆಗೆ ನೆನಪಿಲ್ಲದಿದ್ದರೆ ನೆನಪಿಡುವ ಕೆಲಸವು ನಿಮ್ಮ ಪಾಲಿಗೆ ಬಂತು.

ಮೂರನೆಯದಾಗಿ, ‘ನಾನು ಹೊಸ ಮನುಷ್ಯನಾದೆನು, ಹಳೆಯ ಸಾಲಗಳು ಹಳೆಯವನಿಗೆ ಸೇರಿದವು’ ಎನ್ನುವವರನ್ನು ಕುರಿತು. ಜಕ್ಕಾಯನ ಕಥೆಯನ್ನು ಬಲ್ಲಿರಲ್ಲವೇ? ಅವನು ಮಾರ್ಪಟ್ಟ ದಿನವೇ, ಅನ್ಯಾಯದಿಂದ ತಕ್ಕೊಂಡದ್ದನ್ನು ನಾಲ್ಕರಷ್ಟಾಗಿ ತಿರಿಗಿ ಕೊಡುವದಾಗಿ ಹೇಳಿದನು. ಹೊಸ ಜಕ್ಕಾಯನು ಹಳೆಯವನಿಗಿಂತ ಬೇರೊಬ್ಬನಾಗಿದ್ದರೆ ಅವನು ಯಾಕೆ ಕೊಡಬೇಕಿತ್ತು? ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿಯೂ ಒನೇಸಿಮನ ಸಾಲವು ಇಲ್ಲದ್ದಾಗಿ ಹೋಗಲಿಲ್ಲ. ಪೌಲನು ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡನು. ಚಿಟ್ಟೆಯು ಹುಳವಾಗಿದ್ದಾಗ ತಿಂದ ಎಲೆಯಿಂದಲೇ ಹಾರುತ್ತದೆ. ಮಾರ್ಪಾಟು ನಿಜವಾಗಿದ್ದರೆ ಹಳೆಯ ಲೆಕ್ಕವನ್ನು ತೀರಿಸುವ ಬಲವನ್ನು ಕೊಡುವದು, ತಪ್ಪಿಸಿಕೊಳ್ಳುವ ನೆವವನ್ನಲ್ಲ.

ಮನೆಯಲ್ಲಿ ಕೂಡಿ ಮಾತಾಡತಕ್ಕ ಪ್ರಶ್ನೆಗಳು

೧. ಕೋಶದೊಳಗೆ ಕರಗುವದು ಯಾವದು? ಉಳಿಯುವದು ಯಾವದು?
೨. ಕಲ್ಲಿಗೂ ಹೊಳೆಗೂ ‘ಅದೇ’ ಎಂಬ ಮಾತು ಸಲ್ಲುವ ರೀತಿಯಲ್ಲಿ ಭೇದವೇನು?
೩. ರೀಡನು ತೋರಿಸಿದ ತೊಡಕನ್ನು ನಿಮ್ಮ ಮನೆಯ ಹಿರಿಯರೊಬ್ಬರ ಜೀವನಕ್ಕೆ ಹೊಂದಿಸಿ ಹೇಳಿರಿ.
೪. ರೂಪ ಮಾರ್ಪಟ್ಟಿತೆಂದಾಗಲಿ ಮರೆವು ಬಂತೆಂದಾಗಲಿ ನಿಮ್ಮ ಊರಿನಲ್ಲಿ ಹೊರಗಿಡಲ್ಪಟ್ಟವರು ಇದ್ದಾರೋ? ಈ ವಾರ ಅವರ ಮನೆಗೆ ಹೋಗುವವರು ಯಾರು?