ಎರಡು ರೂಪಾಯಿಯ ಷೇರು: ಕೊಳ್ಳುವ ಮೊದಲು, ಮೋಸವಾದ ಮೇಲೆ

ಎರಡು ರೂಪಾಯಿಯ ಷೇರು ಇಪ್ಪತ್ತಕ್ಕೇರಿದರೆ ಡೊಂಬಿವಲಿಯ ಮನೆಸಾಲ ತೀರುತ್ತದೆ, ಮಗಳ ಕಾಲೇಜಿನ ಫೀಸಿಗೂ ಒಂದಿಷ್ಟು ಮಿಗುತ್ತದೆ. ಮುಂಬಯಿಯ ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ನಮ್ಮವರು ಹಾಕುವ ಈ ಲೆಕ್ಕದಲ್ಲಿ ದುರಾಸೆಗಿಂತ ಅಗತ್ಯವೇ ಹೆಚ್ಚು. ಅದಕ್ಕೇ ಈ ಮಾತನ್ನು ಒತ್ತಿ ಹೇಳಬೇಕಾಗಿದೆ: ಬೆಲೆ ಬಿತ್ತು ಎಂಬ ಒಂದೇ ಕಾರಣಕ್ಕೆ ಯಾವ ಕಾನೂನೂ ನಿಮ್ಮ ನಷ್ಟ ತುಂಬಿಕೊಡುವುದಿಲ್ಲ. ಷೇರು ದರದ ಬಗೆಗಿನ ಅಸಮಾಧಾನವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ದೂರು ಎಂದೇ ಪರಿಗಣಿಸುವುದಿಲ್ಲ. ಯಾರೋ ಸುಳ್ಳು ಹೇಳಿ ಕೊಳ್ಳಿಸಿದ್ದರೆ, ಕೈವಾಡದಿಂದ ಬೆಲೆ ಏರಿಸಿದ್ದರೆ, ಬ್ರೋಕರ್ ನಿಮ್ಮನ್ನು ಕೇಳದೆ ವಹಿವಾಟು ನಡೆಸಿದ್ದರೆ ಆಗ ಮಾತು ಬೇರೆ.

ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣ ನೋಡಿ. 2022ರ ಜುಲೈನಲ್ಲಿ ಎರಡು ಯೂಟ್ಯೂಬ್ ಚಾನೆಲ್‌ಗಳಲ್ಲಿ ಈ ಕಂಪನಿಯನ್ನು ಹೊಗಳುವ ವಿಡಿಯೋಗಳು ಬಂದವು. ಅದಾನಿ ಸಮೂಹ ಇದನ್ನು ಕೊಳ್ಳಲಿದೆ ಎಂಬುದು ಅವುಗಳಲ್ಲಿದ್ದ ಸುಳ್ಳುಗಳಲ್ಲೊಂದು. ಆ ಹೊತ್ತಿನಲ್ಲಿ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಜನ ಕೊಳ್ಳುತ್ತಿದ್ದಾಗ ಒಳಗಿನವರು ಏರಿದ ಬೆಲೆಗೆ ಮಾರಿ ಹೊರಬಂದರು. ಸೆಬಿ 2023ರ ಮಾರ್ಚ್ 2ರಂದು ಮಧ್ಯಂತರ ಆದೇಶ ಹೊರಡಿಸಿತು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ ಸುಮಾರು 58 ಕೋಟಿ ರೂಪಾಯಿ ಅಕ್ರಮ ಲಾಭವನ್ನು ಬಡ್ಡಿಸಹಿತ ಕಕ್ಕಬೇಕೆಂದು ಹೇಳಿತು. ವಿಡಿಯೋದಿಂದ ಅಂತಿಮ ಆದೇಶಕ್ಕೆ ಹೆಚ್ಚುಕಡಿಮೆ ಮೂರು ವರ್ಷ! ಅಷ್ಟಾಗಿಯೂ ಹಾಗೆ ವಸೂಲಾದ ಹಣ ತಾನಾಗಿಯೇ ಕೊಂಡವರ ಖಾತೆಗೆ ಬರುವುದಿಲ್ಲ. ಶಿಕ್ಷೆ ಆಗುವುದು ಒಂದು, ನಿಮ್ಮ ದುಡ್ಡು ಮರಳುವುದು ಇನ್ನೊಂದು.

ಆದ್ದರಿಂದ ಕೊಳ್ಳುವ ಮೊದಲಿನ ಹತ್ತು ನಿಮಿಷಕ್ಕೇ ಬೆಲೆ ಹೆಚ್ಚು. ಬಿಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಿ. ನಿಯಮ ಪಾಲಿಸದ ಕಂಪನಿಗಳನ್ನು 'ಝೆಡ್' ಗುಂಪಿಗೆ ತಳ್ಳಿರುತ್ತಾರೆ. ಜಿಎಸ್‌ಎಂ, ಇಎಸ್‌ಎಂ ಎಂಬ ಗುರುತಿದ್ದರೆ ಷೇರು ವಿಶೇಷ ನಿಗಾದಲ್ಲಿದೆ ಎಂದರ್ಥ. ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ವಿವರದಲ್ಲಿ ಪ್ರವರ್ತಕರ ಪಾಲು ಕರಗುತ್ತಾ ಬಂದಿದೆಯೇ ನೋಡಿ. ದಿನವೂ ಅಪ್ಪರ್ ಸರ್ಕ್ಯೂಟ್ (ಆ ದಿನದ ಏರಿಕೆಯ ಮಿತಿ) ಮುಟ್ಟುವ ಷೇರು ಇಳಿಯತೊಡಗಿದಾಗ ಇಳಿಕೆಯ ಮಿತಿಯಾದ ಲೋವರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಬೀಳುತ್ತದೆ. ಕೊಳ್ಳುವವರೇ ಇರುವುದಿಲ್ಲ, ನಿಮ್ಮ ಆರ್ಡರ್ ಸರದಿಯಲ್ಲಿ ಕೊಳೆಯುತ್ತದೆ. ಟಿಪ್ಸ್ ಕೊಟ್ಟವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ಸರಿನೋಡಿ. ಹಣ ಪಡೆದು ಸಲಹೆ ಕೊಡಲು ನೋಂದಣಿ ಕಡ್ಡಾಯ.

ಅನ್ಯಾಯ ಆಗಿಹೋಗಿದ್ದರೆ? ಮೊದಲು ಕಾಂಟ್ರ್ಯಾಕ್ಟ್ ನೋಟ್, ಲೆಡ್ಜರ್, ಡಿಮ್ಯಾಟ್ ವಿವರ, ವಾಟ್ಸಾಪ್ ಸಂದೇಶಗಳ ಸ್ಕ್ರೀನ್‌ಶಾಟ್ ಎತ್ತಿಡಿ. ಸಿಟ್ಟಿನಲ್ಲಿ ವಾಟ್ಸಾಪ್ ಗುಂಪು ಬಿಟ್ಟು ಹೊರಬಂದು ಸಾಕ್ಷ್ಯವನ್ನು ಕಳೆದುಕೊಳ್ಳಬೇಡಿ. ಒಪ್ಪಿಗೆಯಿಲ್ಲದ ವಹಿವಾಟಿನ ವಿವಾದದಲ್ಲಿ ಆರ್ಡರ್ ಕೊಟ್ಟದ್ದು ನೀವೇ ಎಂದು ರುಜುವಾತು ಮಾಡುವ ಹೊಣೆ ಬ್ರೋಕರ್ ಮೇಲಿದೆ. 2018ರ ಸೆಬಿ ಸುತ್ತೋಲೆಯೇ ಹಾಗೆನ್ನುತ್ತದೆ; ದೂರಿನಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ.

ಬ್ರೋಕರ್‌ಗೆ ಅಥವಾ ಕಂಪನಿಗೆ ಲಿಖಿತ ದೂರು ಕೊಟ್ಟು ಪರಿಹಾರ ಸಿಗದಿದ್ದರೆ ಸೆಬಿಯ 'ಸ್ಕೋರ್ಸ್' ತಾಣಕ್ಕೆ ಹೋಗಿ. ಘಟನೆ ನಡೆದು ಒಂದು ವರ್ಷದೊಳಗೆ ದೂರಬೇಕು. ಬ್ರೋಕರ್ ಅಥವಾ ಕಂಪನಿ 21 ದಿನಗಳಲ್ಲಿ ಉತ್ತರಿಸಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಸಂಧಾನ, ಪಂಚಾಯ್ತಿಗೆ 'ಸ್ಮಾರ್ಟ್ ಒಡಿಆರ್' ಎಂಬ ಇನ್ನೊಂದು ಆನ್‌ಲೈನ್ ದಾರಿಯಿದೆ. ನಕಲಿ ಆ್ಯಪ್‌ಗೆ ಹಣ ಹಾಕಿ ಮೋಸಹೋದವರು ಇವುಗಳಿಗೆ ಕಾಯದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂದೇಹವಿದ್ದರೆ ಸೆಬಿಯ ಉಚಿತ ಸಹಾಯವಾಣಿ 1800 266 7575. ಸ್ಕೋರ್ಸ್ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.