‘ಮೋಹಿಕನ್ಸ್’ ಓದುವ ಮುನ್ನ ಒಂದು ಕೋಟೆಯ ಕಥೆ

ಜೇಮ್ಸ್ ಫೆನಿಮೋರ್ ಕೂಪರ್ 1826ರಲ್ಲಿ ಬರೆದ ‘ದಿ ಲಾಸ್ಟ್ ಆಫ್ ದಿ ಮೋಹಿಕನ್ಸ್’ ಹಿಡಿದ ಹೊಸಬರು ಮೊದಲ ಅಧ್ಯಾಯಗಳಲ್ಲೇ ಸುಸ್ತಾಗುವುದುಂಟು. ಕಾಡು, ಹೊಳೆ, ಗೊತ್ತಿಲ್ಲದ ಬುಡಕಟ್ಟುಗಳ ಹೆಸರು, ಮುಗಿಯದಷ್ಟು ಉದ್ದದ ವಾಕ್ಯಗಳು. ಗಾಬರಿ ಬೇಡ. ಮೊದಲು ಒಂದು ಕೋಟೆಯ ಕಥೆ ಕೇಳಿ.

1754ರಿಂದ 1763ರವರೆಗೆ ಉತ್ತರ ಅಮೆರಿಕದ ನೆಲಕ್ಕಾಗಿ ಬ್ರಿಟಿಷರೂ ಫ್ರೆಂಚರೂ ಕಾದಾಡಿದರು. ಎರಡೂ ಕಡೆ ಮೂಲನಿವಾಸಿಗಳ ಪಡೆಗಳಿದ್ದವು. ಈ ಎರಡು ದೇಶಗಳ ಜಗಳ ಅದೇ ವರ್ಷಗಳಲ್ಲಿ ನಮ್ಮ ದಕ್ಷಿಣಕ್ಕೂ ಹಬ್ಬಿತ್ತು. 1760ರಲ್ಲಿ ಪಾಂಡಿಚೇರಿಯ ಫ್ರೆಂಚರಿಗೆ ನೆರವಾಗಲು ಹೈದರಾಲಿ ಮೈಸೂರಿನಿಂದ ಪಡೆ ಕಳಿಸಿದ್ದ.

ನಮ್ಮ ಕಥೆಯ ಕೋಟೆ ಅಮೆರಿಕದಲ್ಲಿ ಬ್ರಿಟಿಷರ ಕೈಯಲ್ಲಿದ್ದ ಫೋರ್ಟ್ ವಿಲಿಯಂ ಹೆನ್ರಿ. ನ್ಯೂಯಾರ್ಕ್ ಪ್ರಾಂತ್ಯದ ಲೇಕ್ ಜಾರ್ಜ್ ಸರೋವರದ ದಕ್ಷಿಣ ತುದಿಯಲ್ಲಿತ್ತು. 1757ರ ಆಗಸ್ಟಿನಲ್ಲಿ ಫ್ರೆಂಚ್ ಸೇನಾಪತಿ ಮಾಂಕಾಮ್ ಏಳು ಸಾವಿರಕ್ಕೂ ಮಿಕ್ಕ ಜನರೊಂದಿಗೆ ಅದಕ್ಕೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಮನ್ರೋ, ಅವನ ಕೈಕೆಳಗೆ ಎರಡು ಸಾವಿರ ಚಿಲ್ಲರೆ ಜನ. ಸುಮಾರು 25 ಕಿ.ಮೀ. ದೂರದ ಫೋರ್ಟ್ ಎಡ್ವರ್ಡ್‌ನಲ್ಲಿದ್ದ ಜನರಲ್ ವೆಬ್ ಸಹಾಯ ಕಳಿಸಲಾಗದೆಂದು ಪತ್ರ ಬರೆದ. ಆ ಪತ್ರ ಫ್ರೆಂಚರ ಕೈಗೆ ಸಿಕ್ಕಿತು. ಮಾಂಕಾಮ್ ಅದನ್ನು ಮನ್ರೋಗೇ ತಲುಪಿಸಿದ! ಕೋಟೆ ಶರಣಾಯಿತು. ಆಯುಧ ಹೊತ್ತೇ ಗೌರವದಿಂದ ಹೊರನಡೆಯಬಹುದೆಂದು ಒಪ್ಪಂದವೂ ಆಯಿತು. ಆದರೆ ಲೂಟಿ, ಸೆರೆಯಾಳುಗಳ ಆಸೆಯಿಂದ ದೂರದೂರದಿಂದ ಬಂದು ಹೋರಾಡಿದ್ದ ಫ್ರೆಂಚರ ಮೂಲನಿವಾಸಿ ಮಿತ್ರರಿಗೆ ಈ ಒಪ್ಪಂದದಿಂದ ದಕ್ಕಿದ್ದು ಏನೂ ಇಲ್ಲ. ಮರುದಿನ ಅವರು ಹೊರಟವರ ಮೇಲೆ ಎರಗಿದರು.

ಕೂಪರ್ ಕಟ್ಟಿದ ಸಾಹಸಕ್ಕೆ ನೆಲೆಗಟ್ಟು ಇದೇ. ಮುತ್ತಿಗೆಯ ಹೊತ್ತಿನಲ್ಲಿ ತಂದೆಯನ್ನು ಕಾಣಲು ಕಾಡು ಹಾಯುವ ಮನ್ರೋನ ಹೆಣ್ಣುಮಕ್ಕಳು ಕೋರಾ, ಆಲಿಸ್ ಕೂಪರನ ಕಲ್ಪನೆ. ದಾರಿ ತೋರಿಸುತ್ತೇನೆಂದು ಮೋಸ ಮಾಡುವ ಮಾಗುವಾ, ಅವರನ್ನು ಕಾಪಾಡುವ ಬೇಟೆಗಾರ ಹಾಕ್‌ಐ, ಅವನ ಮೋಹಿಕನ್ ಗೆಳೆಯ ಚಿಂಗಾಚ್‌ಗುಕ್, ಗೆಳೆಯನ ಮಗ ಅಂಕಾಸ್ ಕೂಡ ಕಾದಂಬರಿಯವರೇ. ಮಾಗುವಾನ ಹೊರತು ಅವರೆಲ್ಲ ಅಡಗುವ ಗ್ಲೆನ್ಸ್ ಫಾಲ್ಸ್‌ನ ಗುಹೆ ಮಾತ್ರ ನಿಜ. ಕೂಪರ್ 1824ರಲ್ಲಿ ಅದನ್ನು ಕಣ್ಣಾರೆ ನೋಡಿದ್ದ. ಅಲ್ಲಿನ ನೀರಿನ ಸದ್ದು, ಕತ್ತಲು, ಮದ್ದು ಮುಗಿಯುತ್ತಿರುವ ಆತಂಕ ಇರುವ ಪುಟಗಳನ್ನು ಅವಸರಪಡದೆ ಓದಿ. ಕೂಪರನ ಶಕ್ತಿ ಪೂರ್ತಿಯಾಗಿ ಕಾಣುವುದು ಅಲ್ಲಿ.

ಎಚ್ಚರ ಬೇಕಾದ ಕಡೆಗಳೂ ಇವೆ. ಹತ್ಯಾಕಾಂಡದಲ್ಲಿ ಐನೂರರಿಂದ ಸಾವಿರದೈನೂರು ಜನ ಸತ್ತರೆಂಬ ಲೆಕ್ಕಗಳನ್ನು ಕೂಪರ್ ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಇತಿಹಾಸಕಾರ ಇಯಾನ್ ಸ್ಟೀಲ್ ದಾಖಲೆಗಳನ್ನು ಜಾಲಾಡಿ ಕಂಡ ಸಂಖ್ಯೆ ಇನ್ನೂರರೊಳಗೇ ಇದೆ. ಅದಕ್ಕಿಂತ ಗಂಭೀರವಾದದ್ದು ಶೀರ್ಷಿಕೆ. ಮೋಹಿಕನ್ನರು ಅಳಿದುಹೋಗಿಲ್ಲ. ಬಿಳಿಯರ ಒತ್ತಡದಿಂದ ಮತ್ತೆ ಮತ್ತೆ ಪಶ್ಚಿಮಕ್ಕೆ ಸರಿಯಬೇಕಾಗಿ ಬಂದ ಅವರ ಸಮುದಾಯ ಇಂದು ವಿಸ್ಕಾನ್ಸಿನ್‌ನಲ್ಲಿ ಬದುಕಿ ತನ್ನ ಆಡಳಿತವನ್ನು ತಾನೇ ನಡೆಸುತ್ತಿದೆ. ಜೀವಂತ ಜನಾಂಗವೊಂದನ್ನು ಮುಗಿದ ಕಥೆಯೆಂದು ಲೋಕ ನಂಬುವುದರಲ್ಲಿ ಈ ಜನಪ್ರಿಯ ಪುಸ್ತಕದ ಪಾಲೂ ಇದೆ. ಇದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಓದಿ ಮುಗಿಸಿದವರು ಮುಂದೆ ಕೂಪರನದೇ ‘ದಿ ಪಯೊನಿಯರ್ಸ್’ ಹಿಡಿಯಿರಿ. ಅದು 1823ರಲ್ಲೇ ಬಂದದ್ದು, ಆದರೆ ಕಥೆ ನಡೆಯುವುದು ದಶಕಗಳ ನಂತರ. ಕಾಡು ಕಡಿದು ಊರಾಗಿದೆ. ಹಾಕ್‌ಐ ಮತ್ತು ಚಿಂಗಾಚ್‌ಗುಕ್ ಮುದುಕರಾಗಿದ್ದಾರೆ. ಜಿಂಕೆ ಹೊಡೆದದ್ದರಿಂದ ಹುಟ್ಟಿದ ತಕರಾರಿನಲ್ಲಿ ಆ ಬೇಟೆಗಾರ ನ್ಯಾಯಾಲಯದ ಕಟಕಟೆ ಹತ್ತಬೇಕಾಗುತ್ತದೆ.